ಹೂತ ಗುಡಾಣದಲ್ಲಿ ಬಿಸಿ ಕಡಲೆ: ಪಾಂಪೇಯಿ ಮಾದರಿಯ ಅಂಗಡಿ ನಡೆಸಿದ ನನ್ನ ಅನುಭವ

ಪ್ರಾಚೀನ ರೋಮನ್ ಊರಾದ ಪಾಂಪೇಯಿಯ ಅಂಗಡಿಗಳಲ್ಲಿದ್ದಂತೆ ಗಾರೆ ಕಟ್ಟೆಯೊಳಗೆ ಹೂತ ಮಣ್ಣಿನ ಗುಡಾಣದಲ್ಲಿ ಬಿಸಿ ಪದಾರ್ಥ ಇಟ್ಟು ಮಾರಲು ಸಾಧ್ಯವೇ ಇಲ್ಲ ಎಂದು, ಹಳೆಯ ರೋಮನ್ ಅಡುಗೆಯನ್ನು ಮಾಡಿ ನೋಡುವ ನಮ್ಮ ಬಳಗದಲ್ಲಿ ಅನೇಕರು ಹೇಳುತ್ತಲೇ ಬಂದಿದ್ದಾರೆ. ಸಾಧ್ಯವಿದೆ. ಕಳೆದ ಬೇಸಿಗೆಯುದ್ದಕ್ಕೂ ನಾನು ಹಾಗೆಯೇ ಮಾರಿದ್ದೇನೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸುರಿದ ಕಡಲೆ ಮಧ್ಯಾಹ್ನ ಮೂರಾದರೂ 60 ಡಿಗ್ರಿಯಿಂದ ಕೆಳಗಿಳಿದಿರಲಿಲ್ಲ. ಗುಡಾಣದ ಕೆಳಗೆ ಬೆಂಕಿಯಿಲ್ಲ, ಒಳಗೆ ವಿದ್ಯುತ್ ತಂತಿಯಿಲ್ಲ. ಅನುಮಾನ ಇದ್ದವರು ತಮ್ಮದೇ ಥರ್ಮಾಮೀಟರ್ ತಂದು ನೋಡಿಕೊಂಡು ಹೋಗಿದ್ದಾರೆ.

ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯ ತಪ್ಪಲಿನ ಒಂದು ದ್ರಾಕ್ಷಿ ತೋಟದ ಅಂಗಳದಲ್ಲಿ ಶನಿವಾರ, ಭಾನುವಾರ ನನ್ನ ಅಂಗಡಿ. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪಾಂಪೇಯಿಯ ಬೀದಿ ಬದಿಯಲ್ಲಿ ಏನು ಬೇಯುತ್ತಿತ್ತೋ ಅದನ್ನೇ ಬೇಯಿಸಿ ಮಾರುತ್ತೇನೆ. ಆ ಒಂದೇ ಊರಿನಲ್ಲಿ ಬೀದಿಗೆ ಮುಖ ಮಾಡಿದ ಇಂಥ ಕಟ್ಟೆಗಳು ನೂರೈವತ್ತರ ಹತ್ತಿರ ಸಿಕ್ಕಿವೆ. ಮೇಲೆ ಬಣ್ಣಬಣ್ಣದ ಅಮೃತಶಿಲೆಯ ಚೂರು, ನಡುವೆ ಗುಡಾಣಗಳ ಬಾಯಿ, ತುದಿಯಲ್ಲಿ ಒಲೆ.

ಅನುಮಾನಕ್ಕೆ ಕಾರಣಗಳಿರಲಿಲ್ಲ ಎಂದಲ್ಲ. ಗುಡಾಣಕ್ಕೆ ಮೆರುಗು ಲೇಪವಿಲ್ಲ, ಹೊರತೆಗೆಯಲು ಬರುವುದಿಲ್ಲ, ಎಣ್ಣೆ-ಸಾರು ಮಣ್ಣಿನೊಳಗೆ ಇಳಿದರೆ ವಾರದೊಳಗೆ ನಾರುತ್ತದೆ. ಪಾಂಪೇಯಿಯ ಜೊತೆಗೇ ಹೂತುಹೋದ ನೆರೆಯೂರು ಹರ್ಕ್ಯುಲೇನಿಯಂನ ಕಟ್ಟೆಗಳಲ್ಲಿ ಒಣ ಕಾಳುಗಳು ಸಿಕ್ಕಿದ್ದವು. ಹಾಗಾಗಿ ಇವು ಕಾಳು, ಒಣಹಣ್ಣು ಇಡುವ ಗುಡಾಣಗಳು ಎಂಬ ಮಾತು ಗಟ್ಟಿಯಾಯಿತು. ಆದರೆ ಪಾಂಪೇಯಿಯ ಐದನೆಯ ವಿಭಾಗದಲ್ಲಿ, ಎರಡು ಓಣಿಗಳು ಸೇರುವ ಮೂಲೆಯಲ್ಲಿ ಬಯಲಾದ ಅಂಗಡಿಯ ವಿವರ 2020ರ ಡಿಸೆಂಬರ್‌ನಲ್ಲಿ ಹೊರಬಂತು. ಅಲ್ಲಿನ ಗುಡಾಣಗಳಲ್ಲಿ ಬಾತುಕೋಳಿಯ ಮೂಳೆ, ಹಂದಿ, ಮೇಕೆ, ಮೀನು, ನೆಲದ ಬಸವನಹುಳು, ಎಲ್ಲದರ ಅವಶೇಷ ಇತ್ತು. ಮಾಂಸ, ಮೀನು ಒಣ ಸರಕಲ್ಲ. ಅದನ್ನು ಓದಿದ ದಿನವೇ ಕಟ್ಟೆ ಕಟ್ಟುವುದೆಂದು ತೀರ್ಮಾನಿಸಿದೆ.

ಮೊದಲ ಗುಡಾಣ ಕುದಿಯುವ ನೀರು ಬಿದ್ದ ಕೂಡಲೇ ಬಾಯಿಂದ ಬುಡದವರೆಗೆ ಸೀಳಿತು. ಎರಡನೆಯದು ಸೀಳಲಿಲ್ಲ, ಆದರೆ ಸುತ್ತಲಿನ ಗಾರೆ ಶಾಖವನ್ನೆಲ್ಲ ಹೀರಿತು. ಒಂದೂವರೆ ಗಂಟೆಯಲ್ಲಿ ಕಡಲೆ ಉಗುರು ಬೆಚ್ಚಗೆ. ಮೂರನೆಯದರ ಸೊಂಟದಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಸಾರು ಕಟ್ಟೆಯೊಳಗೆ ಸೋರಿತು, ಎರಡು ವಾರ ಇರುವೆ ಕಾಟ. ಕಟ್ಟೆ ಒಡೆದು ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಗಾರೆ ಗುಡಾಣವನ್ನು ಎಲ್ಲ ಕಡೆಯಿಂದ ಬಿಗಿಯಾಗಿ ಅಪ್ಪಿ ಹಿಡಿದಿತ್ತು. ಕಾದಾಗ ಮಣ್ಣು ಹಿಗ್ಗಬೇಕು, ಅದಕ್ಕೆ ಜಾಗವೇ ಇರಲಿಲ್ಲ.

ಗೆದ್ದದ್ದು ಇಲ್ಲಿಯೇ. ಗುಡಾಣ ಮತ್ತು ಗಾರೆಯ ನಡುವೆ ಒಂದು ಗೇಣಿಗಿಂತ ತುಸು ಕಡಿಮೆ ಜಾಗ ಬಿಟ್ಟು, ಅದರ ತುಂಬ ಒಣಗಿದ ಪ್ಯೂಮಿಸ್ ಹರಳು ಸುರಿದೆ. ಜ್ವಾಲಾಮುಖಿ ಉಗುಳಿದ ಆ ಹಗುರ ಕಲ್ಲು ನಮ್ಮ ತಪ್ಪಲಿನಲ್ಲಿ ಅಗೆದಲ್ಲೆಲ್ಲ ಸಿಗುತ್ತದೆ. ಅದರ ಹೊಟ್ಟೆ ತುಂಬ ಗಾಳಿ, ಶಾಖ ದಾಟಿ ಹೋಗುವುದಿಲ್ಲ. ಸಡಿಲ ಹರಳಾದ್ದರಿಂದ ಗುಡಾಣ ಹಿಗ್ಗಿ ಕುಗ್ಗಲು ತೊಂದರೆಯಿಲ್ಲ. ಕಂಠದ ಬಳಿ ಮಾತ್ರ ಗಾರೆ, ಅದೂ ಎರಡು ಬೆರಳಷ್ಟು. ಪ್ಯೂಮಿಸ್ ಬಿದ್ದದ್ದೇ 79ರಲ್ಲಿ, ಅದಕ್ಕೂ ಮೊದಲಿನ ಅಂಗಡಿಯವನಿಗೆ ಅದು ಎಲ್ಲಿಂದ ಬಂತು ಎಂದು ಒಬ್ಬರು ಸವಾಲು ಹಾಕಿದರು. 79ಕ್ಕೆ ದಶಕಗಳ ಹಿಂದೆಯೇ ಬರೆದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಪಾಂಪೇಯಿಯ ಪ್ಯೂಮಿಸ್ ಕಲ್ಲನ್ನು ಹೆಸರು ಹಿಡಿದು ಹೇಳಿದ್ದಾನೆ. ಬೆಟ್ಟ ಅದಕ್ಕೂ ಮೊದಲೇ ಹಲವು ಸಲ ಉಗುಳಿತ್ತು. ಅಲ್ಲಿನ ಎಲ್ಲ ಕಟ್ಟೆಗಳನ್ನೂ ಹೀಗೆಯೇ ಕಟ್ಟಿದ್ದರು ಎಂಬುದು ನನ್ನ ವಾದವಲ್ಲ. ಅವರ ಕೈಗೆ ಸಿಗುತ್ತಿದ್ದ ಸರಕಿನಲ್ಲಿಯೇ ಬಿಸಿ ಊಟ ನಿಲ್ಲುತ್ತದೆ ಎಂಬುದನ್ನು ಮಾಡಿ ತೋರಿಸಿದ್ದೇನೆ.

ಮಣ್ಣೂ ಮುಖ್ಯ. ನಯವಾದ ಜೇಡಿಯಲ್ಲಿ ಮಾಡಿದ ಗುಡಾಣ ಬೇಡವೇ ಬೇಡ. ನಮ್ಮ ಈ ಕಂಪಾನಿಯಾ ಸೀಮೆಯ ಹಳೆಯ ಆಂಫೊರಾಗಳನ್ನು (ಎರಡು ಹಿಡಿಯ ಮಣ್ಣಿನ ಜಾಡಿ) ಮುರಿದ ಅಂಚಿನಲ್ಲಿ ನೋಡಿದರೆ ಕರಿ ಮರಳು ಮಿನುಗುತ್ತದೆ, ಅದು ಜ್ವಾಲಾಮುಖಿಯ ಮರಳು. ನನ್ನ ಕುಂಬಾರರಿಗೆ ಅದನ್ನೇ ಬೆರೆಸಲು ಹೇಳಿದೆ, ಜೊತೆಗೆ ಸ್ವಲ್ಪ ಕಡಿಮೆ ಉರಿಯಲ್ಲಿ ಸುಡಲು ಹೇಳಿದೆ. ಅಲ್ಲಿಂದಾಚೆ ಒಂದೂ ಸೀಳಿಲ್ಲ.

ಪಳಗಿಸುವ ವಿಷಯಕ್ಕೆ ಬರುತ್ತೇನೆ. ಎಣ್ಣೆ ತುಂಬುವ ಹೊಸ ಗುಡಾಣಕ್ಕೆ ಹಳೆಯ ರೋಮನ್ ಲೇಖಕ ಕೇಟೋ ಹೇಳಿದ ಕ್ರಮ ಹೀಗಿದೆ: ಆಲಿವ್ ಹಿಂಡಿದಾಗ ಇಳಿಯುವ ಕಪ್ಪು ಕಹಿ ನೀರನ್ನು 7 ದಿನ ತುಂಬಿಡಬೇಕು, ಇಂಗಿದಷ್ಟನ್ನು ದಿನವೂ ತುಂಬಬೇಕು, ಒಣಗಿದ ಮೇಲೆ ಗುಡಾಣವನ್ನು ಹದವಾಗಿ ಕಾಯಿಸಿ ಗೋಂದಿನ ನೀರು ತಿಕ್ಕಬೇಕು. ಗೋಂದು ಒಂದನ್ನೇ ನಂಬಿದರೆ ಬಿಸಿ ಸಾರಿಗೆ ಅದು ಕರಗಿ ಬರುತ್ತದೆ. ನಮ್ಮ ಕರ್ನಾಟಕದ ಮನೆಗಳಲ್ಲಿ ಹೊಸ ಮಡಕೆಗೆ ಗಂಜಿ ಕುದಿಸಿ ಪಳಗಿಸುತ್ತಾರಲ್ಲ, ಅದನ್ನೇ ಇದರ ಮೇಲೆ ಹೂಡಿದೆ. ಅಕ್ಕಿ ಗಂಜಿಯ ಬದಲು ಕಡಲೆ ಬೇಯಿಸಿದ ಗಟ್ಟಿ ನೀರು. ಮಣ್ಣಿನ ಸಣ್ಣ ರಂಧ್ರಗಳೆಲ್ಲ ಮುಚ್ಚಿಕೊಂಡವು. ಗೋಂದಿನ ಪ್ರಮಾಣ, ಅದಕ್ಕೆ ನಾನು ಬೆರೆಸುವ ಇನ್ನೊಂದು ಪದಾರ್ಥ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಸಾಕಷ್ಟು ದುಡ್ಡು ಸುರಿದಿದ್ದೇನೆ.

ದಿನದ ಕ್ರಮ ಸರಳ. ಬೆಳಿಗ್ಗೆ ಮೊದಲು ಬೆಚ್ಚಗಿನ ನೀರು, ಆಮೇಲೆ ಇನ್ನೂ ಬಿಸಿ, ಕೊನೆಗೆ ಕುದಿಯುವ ನೀರು ತುಂಬಿ ಮುಚ್ಚಳ ಹಾಕಿ ಅರ್ಧ ಗಂಟೆ ಬಿಡುತ್ತೇನೆ. ನೀರು ಮೊಗೆದು ತೆಗೆದು, ಒಲೆಯ ಮೇಲೆ ಕುದಿಯುತ್ತಿರುವುದನ್ನು ನೇರ ಸುರಿಯಬೇಕು. 20 ಲೀಟರಿನ ಗುಡಾಣ ತುಂಬ ತುಂಬಿರಬೇಕು, ಅರ್ಧ ತುಂಬಿದ್ದು ಬೇಗ ಆರುತ್ತದೆ. ಪದಾರ್ಥ ತೆಳುವಾಗಿದ್ದರೆ ಶಾಖ ನಿಲ್ಲುವುದಿಲ್ಲ, ಸೌಟು ನೆಟ್ಟಗೆ ನಿಲ್ಲುವಷ್ಟು ದಪ್ಪ ಇರಲಿ. ಬಾತುಕೋಳಿ-ಬಸವನಹುಳು ಬೆರೆಸಿದ್ದನ್ನೂ ಮಾಡಿದೆ. ರುಚಿ ಚೆನ್ನಾಗಿತ್ತು, ಆದರೆ ಕೊಳ್ಳುವವರು ಬಸವನಹುಳು ಕಂಡರೆ ಬಟ್ಟಲು ವಾಪಸು ಇಡುತ್ತಾರೆ. ಕಡಲೆಯೇ ನನ್ನ ಅನ್ನದಾತ.

ಕಡಲೆಯನ್ನು ಆರಿಸಿದ್ದಕ್ಕೆ ಆಧಾರವಿದೆ. ಬೆಚ್ಚಗಿನ ಕಡಲೆಗೆ ಒಂದು ಆಸ್ ಎಂದು ರೋಮನ್ ಕವಿ ಮಾರ್ಷಿಯಲ್ ಬರೆದಿದ್ದಾನೆ. ಆಸ್ ಎಂದರೆ ದಿನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯದ 16ನೆಯ ಒಂದು ಪಾಲು. ರೋಮನ್ ಚಕ್ರವರ್ತಿ ನೀರೋ ಅಡುಗೆ ಅಂಗಡಿಗಳಲ್ಲಿ ಕಾಳು, ಸೊಪ್ಪು-ತರಕಾರಿ ಬಿಟ್ಟು ಬೇರೇನೂ ಬೇಯಿಸಿ ಮಾರಕೂಡದೆಂದು ಕಟ್ಟಳೆ ಮಾಡಿದ. ಮುಂದೆ ಚಕ್ರವರ್ತಿಯಾದ ವೆಸ್ಪೇಸಿಯನ್ ಅದನ್ನು ಕಾಳಿಗಷ್ಟೇ ಇಳಿಸಿದ. ಗುಡಾಣದಲ್ಲಿ ಸಿಕ್ಕ ಮಾಂಸ ನೋಡಿದರೆ ಪಾಂಪೇಯಿಯವರು ಆ ಮಾತಿಗೆ ಕಿವಿಗೊಟ್ಟಂತೆ ಕಾಣುವುದಿಲ್ಲ. ಕರಿಮೆಣಸು ಹಾಕುವುದಿಲ್ಲವೇ ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇನೆ: ನಮ್ಮ ಪಶ್ಚಿಮ ಕರಾವಳಿಯಿಂದ ಕಡಲು ದಾಟಿ ಬಂದ ಕರಿಮೆಣಸಿಗೆ ರೋಮನ್ ಲೇಖಕ ಪ್ಲಿನಿ ಕೊಟ್ಟ ದರ ಪೌಂಡಿಗೆ 4 ದಿನಾರಿಯಸ್, ಅಂದರೆ 64 ಆಸ್. ಒಂದು ಆಸ್ ಬಟ್ಟಲಿಗೆ ಅದು ಗಿಟ್ಟುವುದಿಲ್ಲ. ಜೀರಿಗೆ, ಈರುಳ್ಳಿ, ನಾಗದಾಳಿ, ಆಲಿವ್ ಎಣ್ಣೆ, ರೋಮನ್ನರು ಗಾರುಮ್ ಎನ್ನುತ್ತಿದ್ದ ಮೀನಿನ ರಸ ಸಾಕು. ಮೀನಿನ ರಸಕ್ಕೆ ಇಟಲಿಯ ಚೆತಾರಾ ಊರಿನ ಕೊಲಾತುರಾ, ಅಂದರೆ ಉಪ್ಪು ಹಾಕಿದ ಆಂಚೊವಿ ಮೀನಿನಿಂದ ಇಳಿಸಿದ ರಸ, ತರಿಸುತ್ತೇನೆ. ಗಾರುಮ್‌ಗೆ ಇದಕ್ಕಿಂತ ಹತ್ತಿರದ್ದು ನನಗೆ ಸಿಕ್ಕಿಲ್ಲ.

ನಡುವೆ ಒಂದು ಅಡ್ಡದಾರಿ. ಅದೇ ಐದನೆಯ ವಿಭಾಗದ ಅಂಗಡಿಯಲ್ಲಿ ಒಂದು ಗುಡಾಣದ ತಳದಲ್ಲಿ ಅರೆದ ಬಾಕುಲಾ ಅವರೆ (ಫಾವಾ ಬೀನ್ಸ್) ಸಿಕ್ಕಿತ್ತು. ಕೆಂಪು ವೈನ್ ಬಿಳಿಯಾಗಲು ಅದರ ಹಿಟ್ಟು ಹಾಕಬೇಕೆಂದು ಎಪಿಸಿಯಸ್ ಎಂಬವನ ಹೆಸರಿನ ರೋಮನ್ ಅಡುಗೆ ಪುಸ್ತಕ ಹೇಳುತ್ತದೆ. ತೋಟದವರ ಅಗ್ಗದ ಕೆಂಪು ವೈನಿಗೆ ಹಿಟ್ಟು ಬೆರೆಸಿ, ಕಲಕಿ ರಾತ್ರಿ ಬಿಟ್ಟೆ. ಬಿಳಿ ಆಗಲಿಲ್ಲ, ಬಣ್ಣ ಗುಲಾಬಿಯತ್ತ ಇಳಿಯಿತು. ಆದರೆ ನಾಲಿಗೆ ಹಿಡಿಯುತ್ತಿದ್ದ ಒಗರು ಎದ್ದು ಕಾಣುವಷ್ಟು ಕಡಿಮೆಯಾಯಿತು. ಅಗ್ಗದ ಮಾಲನ್ನು ಕುಡಿಯುವಂತೆ ಮಾಡುವ ಕಸುಬಿನ ಗುಟ್ಟು ಇದು ಎಂಬುದು ನನ್ನ ನಂಬಿಕೆ. ಪಾಂಪೇಯಿಯ ಗೋಡೆಯೊಂದರ ಮೇಲೆ ಹೆದೊನೆ ಎಂಬಾಕೆಯ ದರಪಟ್ಟಿ ಇದೆ: ಸಾಧಾರಣಕ್ಕೆ 1 ಆಸ್, ಮೇಲ್ದರ್ಜೆಗೆ 2, ಆ ಕಾಲದ ಹೆಸರಾಂತ ವೈನಾದ ಫಲೆರ್ನಿಯನ್‌ಗೆ 4. ನನ್ನ ಹಲಗೆಯಲ್ಲೂ ಹೀಗೆ ಮೂರೇ ಸಾಲು. ಇದನ್ನು ಹಾಕಿದ ಮೇಲೆ ಜನ ನಡುವಿನದನ್ನೇ ಹೆಚ್ಚು ಕೇಳುತ್ತಾರೆ, ಲಾಭವೂ ಅದರಲ್ಲಿಯೇ ಹೆಚ್ಚು.

ಕೇಟೋ ಹೇಳುವ ಗ್ಲೋಬಿಯೂ ಚೆನ್ನಾಗಿ ಓಡಿತು. ಚೀಸ್ ಮತ್ತು ಗೋಧಿ ತರಿಯ ಉಂಡೆ. ಕೊಬ್ಬಿನಲ್ಲಿ ಎರಡು ಕಡ್ಡಿಗಳಿಂದ ತಿರುವುತ್ತ ಕರಿದು, ಜೇನು ಸವರಿ ಗಸಗಸೆ ಉದುರಿಸುವುದು. ನಾನು ಬಳಸುವ ರಿಕೊಟ್ಟಾ ಚೀಸಿನ ನೀರು ಪೂರ್ತಿ ಇಳಿಯದಿದ್ದರೆ ಉಂಡೆ ಒಡೆಯುತ್ತದೆ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿ.

ದುಡ್ಡಿನ ವಿಷಯ. ಗುಡಾಣ ಒಂದಕ್ಕೆ ಸುಮಾರು 180 ಯೂರೋ. ಒಡೆದವು, ಕೆಡವಿದ ಕಟ್ಟೆ, ವ್ಯರ್ಥವಾದ ಪದಾರ್ಥ ಎಲ್ಲ ಸೇರಿ ಮೊದಲ ವರ್ಷ 3,000 ಯೂರೋ ಹತ್ತಿರ ಹೋಯಿತು. ಒಂದು ಉತ್ಸವದವರು ಮುಂಗಡ ಪಡೆದು, ಕೊನೆಯ ಗಳಿಗೆಯಲ್ಲಿ ಮಣ್ಣಿನ ಪಾತ್ರೆ ಬೇಡ ಎಂದು ಜಾಗ ರದ್ದು ಮಾಡಿದರು, ಆ ದುಡ್ಡು ಇನ್ನೂ ಬಂದಿಲ್ಲ. ಈಗಿನ ಕಟ್ಟೆಗೆ ಕೂಲಿ ಬಿಟ್ಟು 1,400 ಆಯಿತು. ಮೇಲಿನ ಅಮೃತಶಿಲೆ ಕಲ್ಲಿನ ಅಂಗಡಿಗಳ ಹಿತ್ತಲಲ್ಲಿ ಬಿದ್ದಿದ್ದ ಚೂರು, ಪುಕ್ಕಟೆ. ಕಡಲೆ ಬಟ್ಟಲಿಗೆ 4 ಯೂರೋ, ಅದರ ಅಸಲು 80 ಸೆಂಟ್ ಮೀರುವುದಿಲ್ಲ. ಒಳ್ಳೆಯ ಭಾನುವಾರ ನೂರಕ್ಕೂ ಹೆಚ್ಚು ಬಟ್ಟಲು ಹೋಗುತ್ತದೆ. ಹಾಕಿದ ಬಂಡವಾಳ ಜುಲೈ ಮುಗಿಯುವ ಮೊದಲೇ ಕೈಸೇರಿತು.

ತೊಳೆಯುವುದರಲ್ಲಿ ಉದಾಸೀನ ಬೇಡ. ಕೊನೆಯ ಬಟ್ಟಲು ಹೋದ ತಕ್ಷಣ, ಗುಡಾಣ ಇನ್ನೂ ಬಿಸಿ ಇರುವಾಗಲೇ ಜರಡಿ ಹಿಡಿದ ಬೂದಿ ಮತ್ತು ಕುದಿಯುವ ನೀರು ಹಾಕಿ ಉಜ್ಜಿ, ಸ್ಪಂಜಿನಿಂದ ತಳದ ನೀರನ್ನೆಲ್ಲ ಹೀರಿ ತೆಗೆಯಬೇಕು. ಸಾಬೂನು ಮುಟ್ಟಿಸಬಾರದು, ಮಣ್ಣು ಅದರ ವಾಸನೆಯನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಆಮೇಲೆ ಒಂದು ಹಿಡಿ ಕೆಂಡವನ್ನು ಕಬ್ಬಿಣದ ಬಟ್ಟಲಲ್ಲಿಟ್ಟು ಒಳಗೆ ಇಳಿಸಿ, ಮುಚ್ಚಳ ಓರೆಯಾಗಿಟ್ಟು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ನನ್ನ ಕಟ್ಟೆಯಲ್ಲಿ ಮೂರು ಗುಡಾಣಗಳಿವೆ. ಎರಡರಲ್ಲಿ ಬಿಸಿ ಪದಾರ್ಥ, ಮೂರನೆಯದರಲ್ಲಿ ಒಣ ಅಂಜೂರ ಮತ್ತು ಅಕ್ರೋಟು. ಅದರ ಸುತ್ತ ಪ್ಯೂಮಿಸ್ ಹಾಕಿಲ್ಲ, ಬರೀ ಗಾರೆ. ಬರುವ ಬೇಸಿಗೆಗೆ 30 ಲೀಟರಿನದೊಂದನ್ನು ಹೇಳಿ ಮಾಡಿಸಿದ್ದೇನೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಅದರಲ್ಲಿ ಮೇಕೆ ಮಾಂಸ ಐದು ಗಂಟೆ ಬಿಸಿ ನಿಲ್ಲಬೇಕೆಂಬುದು ಗುರಿ.