ಮನೆಯೊಳಗಿನ ಸಣ್ಣ ವ್ಯಾಪಾರಕ್ಕೂ ನೋಂದಣಿ: ಮುಂಬೈಯಲ್ಲಿ ಎಲ್ಲಿಂದ ಶುರು ಮಾಡಬೇಕು?

ಭಾಂಡುಪ್‌ನ ಚಾಳಿನ ಖೋಲಿಯಲ್ಲಿ ಚಕ್ಕುಲಿ, ನಿಪ್ಪಟ್ಟು ಮಾಡಿ ಮಾರುವವರು. ಘಾಟ್ಕೋಪರ್‌ನಲ್ಲಿ ಸೀರೆಗೆ ಫಾಲ್ ಹೊಲಿದುಕೊಡುವವರು. ಮಾಟುಂಗಾ ಮಾರ್ಕೆಟ್ಟಿಗೆ ಹೂವಿನ ಮಾಲೆ ಕಟ್ಟಿಕೊಡುವವರು. ಆಫೀಸಿಗೆ ಹೋಗುವವರಿಗೆ ಮಧ್ಯಾಹ್ನದ ಡಬ್ಬಾ ಕಳಿಸುವವರು. ಈ ಊರಲ್ಲಿ ಹೀಗೆ ಬದುಕು ಕಟ್ಟಿಕೊಂಡ ನಮ್ಮವರು ಎಷ್ಟೋ ಮಂದಿ. ಗಿರಾಕಿಗಳಿದ್ದಾರೆ, ಕೈಗೆ ನಾಲ್ಕು ಕಾಸು ಬರುತ್ತದೆ. ಆದರೆ ಬ್ಯಾಂಕಿನವರು ‘ವ್ಯಾಪಾರದ ಕಾಗದ ಏನಿದೆ?’ ಎಂದು ಕೇಳಿದರೆ ತೋರಿಸಲು ಒಂದು ಚೀಟಿಯೂ ಇಲ್ಲ.

ಇದಕ್ಕೆ ದೊಡ್ಡ ಕಾರಣ ಹೆದರಿಕೆ. ‘ಹೆಸರು ಬರೆಸಿದರೆ ಟ್ಯಾಕ್ಸ್‌ನವರು ಮನೆಗೆ ಬರುತ್ತಾರೆ’ ಎಂಬ ಮಾತನ್ನು ನಾನು ಎಲ್ಲ ಕಡೆ ಕೇಳುತ್ತೇನೆ. ಆದಾಯ ತೆರಿಗೆ ಬೀಳುವುದು ಆದಾಯದ ಮೇಲೆ, ನೋಂದಣಿಯ ಮೇಲೆ ಅಲ್ಲ. ನೋಂದಣಿ ಇಲ್ಲ ಅಂತ ತೆರಿಗೆ ತಪ್ಪುವುದಿಲ್ಲ, ಇದೆ ಅಂತ ಹೊಸದಾಗಿ ಹುಟ್ಟುವುದೂ ಇಲ್ಲ. ಇನ್ನೊಂದು ಹೆದರಿಕೆ ಖರ್ಚಿನದು. ಏಜೆಂಟರು ಹೇಳುವ ಸಾವಿರಾರು ರೂಪಾಯಿಯ ಪ್ಯಾಕೇಜ್ ಕೇಳಿ ಜನ ಹಿಂದೆ ಸರಿಯುತ್ತಾರೆ. ನಿಜ ಏನೆಂದರೆ, ಮೊದಲ ಎರಡು ಕಾಗದಗಳಿಗೆ ಸರ್ಕಾರದ ನೋಂದಣಿ ಶುಲ್ಕವೇ ಇಲ್ಲ.

ಒಬ್ಬರೇ ನಡೆಸುವ ವ್ಯಾಪಾರಕ್ಕೆ ಕಂಪನಿ ಮಾಡಬೇಕಿಲ್ಲ, ಪಾಲುದಾರಿಕೆ ಪತ್ರವೂ ಬೇಡ. ನಿಮ್ಮ ಪ್ಯಾನ್ ಕಾರ್ಡೇ ವ್ಯಾಪಾರದ ಪ್ಯಾನ್. ಇದಕ್ಕೆ ಪ್ರೊಪ್ರೈಟರ್‌ಶಿಪ್ ಎನ್ನುತ್ತಾರೆ. ಈ ಲೇಖನ ಅಂಥವರಿಗಾಗಿ.

ಮೊದಲು ಹೆಸರು ಸರಿ ಮಾಡಿಕೊಳ್ಳಿ

ಅರ್ಜಿ ತುಂಬುವ ಮುಂಚೆ ಆಧಾರ್ ಮತ್ತು ಪ್ಯಾನ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮವರಿಗೆ ಕೆಲಸ ಕೆಡುವುದು ಇಲ್ಲಿಯೇ. ಊರಿನ ಕಾಗದದಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್. ಮದುವೆಯಾಗಿ ಮುಂಬೈಗೆ ಬಂದ ಮೇಲೆ ಇಲ್ಲಿಯ ಪದ್ಧತಿಯಂತೆ ಹೆಸರಿನ ನಂತರ ಗಂಡನ ಹೆಸರು, ಕೊನೆಗೆ ಸರ್‌ನೇಮ್. ಒಂದರಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ. ಕಂಪ್ಯೂಟರಿಗೆ ಇಬ್ಬರೂ ಒಬ್ಬರೇ ಎಂದು ಗೊತ್ತಾಗುವುದಿಲ್ಲ. ಅರ್ಜಿ ಹೇಗೋ ದಾಟಿದರೂ ನಾಳೆ ಬ್ಯಾಂಕಿನ ಕೌಂಟರಿನಲ್ಲಿ ಅದೇ ಪ್ರಶ್ನೆ ಎದುರಾಗುತ್ತದೆ. ಯಾವುದಾದರೂ ಒಂದನ್ನು ತಿದ್ದಿಸಿ, ಎರಡೂ ಒಂದೇ ಆಗಲಿ. ಹುಟ್ಟಿದ ದಿನಾಂಕವನ್ನೂ ನೋಡಿಕೊಳ್ಳಿ.

ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಯಲ್ಲೇ ಇದೆಯಾ? ಊರಲ್ಲಿದ್ದಾಗ ಮಾಡಿಸಿದ ಆಧಾರ್‌ನಲ್ಲಿ ಹಳೆಯ ಸಿಮ್ಮಿನ ನಂಬರ್, ಇಲ್ಲವೇ ಅಣ್ಣನ ನಂಬರ್ ಇರುವುದು ಮಾಮೂಲು. ಒಟಿಪಿ ಆ ನಂಬರಿಗೇ ಹೋಗುವುದು. ಹತ್ತಿರದ ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಿ. ಆಧಾರ್‌ನಲ್ಲಿ ಉಡುಪಿಯದೋ ಕಲಬುರಗಿಯದೋ ವಿಳಾಸ ಇದ್ದರೆ ಮುಂದೆ ಹೇಳುವ ಉದ್ಯಮ್ ನೋಂದಣಿಯ ಅರ್ಜಿಗೆ ಅಡ್ಡಿಯಿಲ್ಲ. ವ್ಯಾಪಾರ ನಡೆಯುವ ಜಾಗದ ವಿಳಾಸವನ್ನು ಅಲ್ಲಿ ಬೇರೆಯಾಗಿಯೇ ಕೇಳುತ್ತಾರೆ.

ಜಾಗದ ಪುರಾವೆಗೆ ಲೈಟ್ ಬಿಲ್ ಸಾಕು. ಬಾಡಿಗೆ ಮನೆಯಾದರೆ ಲೀವ್ ಎಂಡ್ ಲೈಸೆನ್ಸ್ ಕರಾರು, ಮಾಲೀಕರಿಂದ ಒಂದು ಒಪ್ಪಿಗೆ ಪತ್ರ ಇಟ್ಟುಕೊಂಡಿರಿ. ಸೊಸೈಟಿಯಲ್ಲಿ ಇರುವವರು ಕಾರ್ಯದರ್ಶಿಯ ಹತ್ತಿರ ಮೊದಲೇ ಒಂದು ಮಾತು ಹೇಳಿಡುವುದು ಒಳ್ಳೆಯದು.

ಮೊದಲ ಕಾಗದ: ಉದ್ಯಮ್

ಉದ್ಯಮ್ ಎಂಬುದು ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, 2020ರ ಜುಲೈ 1ರಿಂದ ಜಾರಿಯಲ್ಲಿದೆ. ಶುಲ್ಕ ಇಲ್ಲ, ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ, ನವೀಕರಣದ ತಲೆನೋವೂ ಇಲ್ಲ. ವೆಬ್‌ಸೈಟ್ ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಇದನ್ನು ಚೆನ್ನಾಗಿ ನೆನಪಿಡಿ. ಅದೇ ಬಣ್ಣ, ಅದೇ ತರಹದ ಲಾಂಛನ ಹಾಕಿಕೊಂಡು ಹಣ ಕೇಳುವ ಖಾಸಗಿ ಸೈಟುಗಳು ಬೇಕಾದಷ್ಟಿವೆ. ಹಣ ಕಟ್ಟಿ ಎಂದು ಪರದೆಯ ಮೇಲೆ ಬಂತು ಅಂದರೆ ನೀವು ತಪ್ಪು ಜಾಗದಲ್ಲಿದ್ದೀರಿ.

ಹೊಸಬರಿಗಾಗಿ ಇರುವ ಕೊಂಡಿ ಒತ್ತಿ. ಆಧಾರ್ ಸಂಖ್ಯೆ, ಆಧಾರ್‌ನಲ್ಲಿ ಇರುವ ಹಾಗೆಯೇ ಹೆಸರು ಹಾಕಿ, ಒಟಿಪಿ ಕೊಡಿ. ಸಂಸ್ಥೆಯ ಬಗೆ ಕೇಳಿದಾಗ ಪ್ರೊಪ್ರೈಟರಿ ಎಂದು ಆರಿಸಿ. ಪ್ಯಾನ್ ವಿವರ, ವ್ಯಾಪಾರದ ಹೆಸರು, ವಿಳಾಸ, ಬ್ಯಾಂಕ್ ಖಾತೆ ಸಂಖ್ಯೆ, ಎಷ್ಟು ಜನ ಕೆಲಸ ಮಾಡುತ್ತಾರೆ ಎಂಬ ಲೆಕ್ಕ. ಇಷ್ಟರವರೆಗೆ ಕಷ್ಟ ಏನಿಲ್ಲ.

ನಿಧಾನ ಮಾಡಬೇಕಾದದ್ದು ಒಂದೇ ಕಡೆ. ನೀವು ತಯಾರಿಸುವವರೋ, ಸೇವೆ ಕೊಡುವವರೋ, ಬರೀ ಕೊಂಡು ಮಾರುವವರೋ ಎಂದು ಕೇಳುತ್ತದೆ. ಚಕ್ಕುಲಿ ಮಾಡುವ ಅಕ್ಕ ‘ನಾನು ಮಾರುವವಳು ತಾನೇ’ ಎಂದು ಟ್ರೇಡಿಂಗ್ ಒತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ. ಹಿಟ್ಟು ಕಲಸಿ, ಒತ್ತಿ, ಕರಿದು ಕೊಡುವವರು ತಯಾರಕರು. ಮುಂದೆ ಕೆಲಸದ ಬಗೆ ಗುರುತಿಸುವ ಎನ್ಐಸಿ ಕೋಡ್ ಬರುತ್ತದೆ. ಆ ಕೋಡ್‌ನಲ್ಲಿ ಆಹಾರ ತಯಾರಿಕೆ 10ನೇ ವಿಭಾಗ, ಬಟ್ಟೆ ಹೊಲಿಗೆ 14, ಊಟ ಬಡಿಸುವುದು, ಡಬ್ಬಾ ಕಳಿಸುವುದು 56. ಬರೀ ಕೊಂಡು ಮಾರುವವರೂ 2021ರ ಜುಲೈಯಿಂದ ಉದ್ಯಮ್ ಮಾಡಿಸಬಹುದು. ಆದರೆ ಅವರಿಗೆ ಸಿಗುವ ಲಾಭ ಆದ್ಯತಾ ವಲಯದ ಸಾಲಕ್ಕೆ, ಅಂದರೆ ಬ್ಯಾಂಕುಗಳು ಕೆಲವು ವರ್ಗದವರಿಗೆ ಕೊಡಲೇಬೇಕಾದ ಸಾಲಕ್ಕೆ, ಮಾತ್ರ ಸೀಮಿತ. ಉಳಿದ ಲಾಭಗಳು ಕೈತಪ್ಪುತ್ತವೆ. ಒಂದು ತಪ್ಪು ಗುಂಡಿ ಒತ್ತಿದರೆ ಎಷ್ಟು ನಷ್ಟ ನೋಡಿ.

ಇನ್ನೊಂದು ಒಟಿಪಿ ಕೊಟ್ಟರೆ ಅರ್ಜಿ ಮುಗಿಯಿತು. ಎಂಎಚ್ ಅಕ್ಷರಗಳಿರುವ ಸಂಖ್ಯೆ, ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರ ಬರುತ್ತದೆ. 2025ರ ಏಪ್ರಿಲ್‌ನಿಂದ ಬಂದ ಹೊಸ ಮಿತಿಯಂತೆ ಯಂತ್ರೋಪಕರಣಕ್ಕೆ 2.5 ಕೋಟಿಯೊಳಗೆ ಹಾಕಿ, ವರ್ಷಕ್ಕೆ 10 ಕೋಟಿಯೊಳಗೆ ವಹಿವಾಟು ಮಾಡುವವರೆಲ್ಲ ‘ಸೂಕ್ಷ್ಮ’ ಉದ್ಯಮದವರು. ಅಂದರೆ ನೀವು, ನಾನು ಎಲ್ಲರೂ ಅದರೊಳಗೇ. ಪ್ಯಾನ್ ಕಾರ್ಡೇ ಇಲ್ಲದವರಿಗೆ 2023ರ ಜನವರಿಯಲ್ಲಿ ಉದ್ಯಮ್ ಅಸಿಸ್ಟ್ ಎಂಬ ಬೇರೆ ದಾರಿ ಶುರುವಾಗಿದೆ. ಅದನ್ನು ಬ್ಯಾಂಕು ಅಥವಾ ಸಾಲ ಕೊಡುವ ಸಂಸ್ಥೆಯ ಮೂಲಕ ಮಾಡಿಸಬೇಕು.

ಈ ಕಾಗದ ನಿಜವಾಗಿ ಕೈ ಹಿಡಿಯುವುದು ಬಾಕಿ ವಸೂಲಿಯಲ್ಲಿ

ಅಂಗಡಿಗೆ ಇಪ್ಪತ್ತು ಸಾವಿರದ ಮಾಲು ಕೊಟ್ಟಿರುತ್ತೀರಿ. ‘ಮುಂದಿನ ವಾರ ಬನ್ನಿ ಅಕ್ಕ’. ಮುಂದಿನ ವಾರ ಹೋದರೆ ಸೇಠ್ ಇಲ್ಲ. ಎಣ್ಣೆಗೆ, ಅಕ್ಕಿಹಿಟ್ಟಿಗೆ ನೀವು ನಗದು ಕೊಟ್ಟಾಗಿದೆ. ಸಣ್ಣ ವ್ಯಾಪಾರಗಳು ಮುಚ್ಚುವುದು ಗಿರಾಕಿ ಇಲ್ಲದೆ ಅಲ್ಲ, ಹೀಗೆ ಉಧಾರಿಯಲ್ಲಿ ದುಡ್ಡು ಸಿಕ್ಕಿಹಾಕಿಕೊಂಡು ಎಂಬುದು ನನ್ನ ಗಟ್ಟಿ ನಂಬಿಕೆ.

2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಇಲ್ಲಿ ನಿಮ್ಮ ಕಡೆ ನಿಂತಿದೆ. ಲಿಖಿತ ಕರಾರು ಇದ್ದರೂ 45 ದಿನ ಮೀರುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿಯಾಗಿ. ಎಂಎಸ್‌ಎಂಇ ಸಚಿವಾಲಯದ ದೂರಿನ ಪೋರ್ಟಲ್‌ನಲ್ಲಿ ಉದ್ಯಮ್ ನಂಬರ್ ಹಾಕಿ ದೂರು ಕೊಡಬಹುದು. ಇದಕ್ಕಿಂತ ಚುರುಕು ಮುಟ್ಟಿಸುವುದು ಇನ್ನೊಂದಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದ ಪ್ರಕಾರ, ಈ ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ಕೊಂಡವರು ಆ ವರ್ಷದ ಖರ್ಚು ಎಂದು ತೋರಿಸುವಂತಿಲ್ಲ. ಕೊಟ್ಟ ವರ್ಷವಷ್ಟೇ ತೋರಿಸಬೇಕು. ಮಾರ್ಚ್ ಹತ್ತಿರ ಬಂದಾಗ ಅವರ ಅಕೌಂಟೆಂಟರೇ ‘ಮೊದಲು ಇವರದ್ದು ಕೊಟ್ಟುಬಿಡಿ’ ಎನ್ನುತ್ತಾರೆ.

ಕಾಯಂ ಗಿರಾಕಿಯ ಮೇಲೆ ಯಾರು ದೂರು ಕೊಡುತ್ತಾರೆ ಎನ್ನಬಹುದು. ದೂರು ಕೊಡಲೇಬೇಕೆಂದಿಲ್ಲ. ಬಿಲ್ ಪುಸ್ತಕದ ಮೇಲ್ಭಾಗದಲ್ಲಿ ಹೆಸರಿನ ಕೆಳಗೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ, ಕೆಳಗೆ ‘ಹಣ ಕೊಡುವ ಕೊನೆಯ ದಿನ’ ಎಂದು ತಾರೀಕು ಬರೆಯಿರಿ. ಮಾಲು ಕೊಡುವುದಕ್ಕೆ ಮೊದಲೇ ನೋಂದಣಿ ಆಗಿರಬೇಕು. ನಂತರ ಮಾಡಿಸಿ ಹಳೆಯ ಬಾಕಿಗೆ ಇದನ್ನು ತೋರಿಸಹೋದರೆ ತಕರಾರು ಎದ್ದೇ ಏಳುತ್ತದೆ.

ಎರಡನೇ ಕಾಗದ: ಗುಮಾಸ್ತಾ

ಮುಂಬೈಯಲ್ಲಿ ಎಲ್ಲರೂ ಗುಮಾಸ್ತಾ ಎಂದು ಕರೆಯುವುದು ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಕಾಗದವನ್ನು. 2017ರಲ್ಲಿ ಮಹಾರಾಷ್ಟ್ರ ಈ ಕಾಯ್ದೆಯನ್ನು ಹೊಸದಾಗಿ ಬರೆಯಿತು. ಇಪ್ಪತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಲೈಸೆನ್ಸ್ ಬೇಡ. ವ್ಯಾಪಾರ ಶುರುವಾದ 60 ದಿನದೊಳಗೆ ಆನ್‌ಲೈನ್‌ನಲ್ಲಿ ಒಂದು ಸೂಚನೆ ಕೊಟ್ಟರೆ ಸಾಕು, ರಸೀದಿ ಸಿಗುತ್ತದೆ. ವ್ಯಾಪಾರ ಶುರುವಾಗಿ ವರ್ಷಗಳೇ ಆಗಿದ್ದರೂ ಈಗಲಾದರೂ ಕೊಡಿ. ಮುಂಬೈ ನಗರದೊಳಗಾದರೆ ಬಿಎಂಸಿಯ ಪೋರ್ಟಲ್, ಠಾಣೆ, ಡೊಂಬಿವಲಿ ಕಡೆಯವರಿಗೆ ರಾಜ್ಯದ ಕಾರ್ಮಿಕ ಇಲಾಖೆಯ ಪೋರ್ಟಲ್.

ಬೋರ್ಡ್ ಹಾಕುವವರು ಒಂದು ವಿಷಯ ಗಮನಿಸಿ. 2022ರ ತಿದ್ದುಪಡಿಯ ನಂತರ ಎಷ್ಟೇ ಸಣ್ಣ ಅಂಗಡಿಯಾದರೂ ಹೆಸರು ಮರಾಠಿಯಲ್ಲಿ, ದೇವನಾಗರಿ ಲಿಪಿಯಲ್ಲಿ ಇರಲೇಬೇಕು. ಕನ್ನಡದಲ್ಲೂ ಧಾರಾಳವಾಗಿ ಬರೆಸಿ, ಆದರೆ ಮರಾಠಿ ಅಕ್ಷರ ಅದಕ್ಕಿಂತ ಚಿಕ್ಕದಾಗಿರಬಾರದು.

ಈ ಎರಡು ಕಾಗದ ಕೈಯಲ್ಲಿದ್ದರೆ ಬ್ಯಾಂಕಿಗೆ ಹೋಗಿ. ಪ್ರೊಪ್ರೈಟರ್ ಹೆಸರಲ್ಲಿ ಕರೆಂಟ್ ಅಕೌಂಟ್ ತೆರೆಯಲು ವ್ಯಾಪಾರದ ಹೆಸರಿರುವ ಎರಡು ದಾಖಲೆ ಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ. ನಾನು ಇವೆರಡನ್ನೇ ಮೊದಲು ಮಾಡಿಸಿ ಎಂದದ್ದು ಅದಕ್ಕೇ. ಎರಡರಲ್ಲೂ ವ್ಯಾಪಾರದ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ. ಫಾರ್ಮಿನ ಭಾಷೆ ತೊಡಕಾದರೆ ಭಾರತ್ ಬ್ಯಾಂಕಿನಂಥ ನಮ್ಮವರೇ ಕಟ್ಟಿದ ಸಹಕಾರಿ ಬ್ಯಾಂಕಿಗೆ ಹೋಗಿ. 1978ರಲ್ಲಿ ಬಿಲ್ಲವರ ಅಸೋಸಿಯೇಷನ್ ಹುಟ್ಟುಹಾಕಿದ ಬ್ಯಾಂಕ್ ಅದು.

ಗಿರಾಕಿಯ ಹಣ ಆ ಖಾತೆಗೇ ಬರಲಿ, ಮನೆ ಖರ್ಚು ಅದರಲ್ಲಿ ಬೆರೆಯದಿರಲಿ. ಆರು ತಿಂಗಳ ಸ್ಟೇಟ್‌ಮೆಂಟ್ ಇದ್ದರೆ ಮುದ್ರಾ ಸಾಲ ಕೇಳುವಾಗ ಮಾತು ಸುಲಭ. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ ‘ಶಿಶು’ ವರ್ಗದಲ್ಲಿ 50,000 ರೂಪಾಯಿಯವರೆಗೆ, ‘ಕಿಶೋರ್’ ವರ್ಗದಲ್ಲಿ 5 ಲಕ್ಷದವರೆಗೆ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಒಂದು ಗ್ರೈಂಡರ್, ಒಂದು ಓವರ್‌ಲಾಕ್ ಮಷೀನ್ ಕೊಳ್ಳಲು ಕೈಸಾಲದವರ ಹತ್ತಿರ ಹೋಗುವ ಬದಲು ಇದು ಎಷ್ಟೋ ವಾಸಿ ಅಲ್ವಾ? ಆದಾಯ ತೆರಿಗೆ ರಿಟರ್ನ್ ಕೂಡ ಪ್ರತಿವರ್ಷ ಸಲ್ಲಿಸಿ, ತೆರಿಗೆ ಸೊನ್ನೆ ಬಂದರೂ ಸರಿ. ಸಣ್ಣವರು ದೊಡ್ಡ ಲೆಕ್ಕಪುಸ್ತಕ ಇಡಬೇಕಿಲ್ಲ. ನಗದು ವಹಿವಾಟಿನ ಶೇ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದರ ಶೇ 6ನ್ನು ಲಾಭ ಎಂದು ತೋರಿಸುವ ಸರಳ ಪದ್ಧತಿ ಇದೆ.

ತಿನ್ನುವ ಪದಾರ್ಥವಾದರೆ

ಮನೆಯಲ್ಲೇ ಮಾಡಲಿ, ಬರೀ ದೀಪಾವಳಿಗೆ ಮಾಡಲಿ, ಮಾರುವುದು ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಕಡ್ಡಾಯ. ಫೋಸ್ಕೋಸ್ ಎಂಬ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಫೋಟೊ, ಗುರುತಿನ ಪತ್ರ, ಜಾಗದ ಪುರಾವೆ ಸಾಕು. ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಬರುವ 14 ಅಂಕಿಯ ನಂಬರನ್ನು ಪೊಟ್ಟಣದ ಮೇಲೆ, ಬಿಲ್ಲಿನ ಮೇಲೆ ಹಾಕಲೇಬೇಕು. ಈ ನಂಬರ್ ಇಲ್ಲದೆ ಯಾವ ಒಳ್ಳೆಯ ಅಂಗಡಿಯೂ ನಿಮ್ಮ ಪೊಟ್ಟಣ ಕಪಾಟಿನಲ್ಲಿ ಇಡುವುದಿಲ್ಲ.

ಜಿಎಸ್‌ಟಿ ಎಲ್ಲರಿಗೂ ಬೇಡ

ಮಹಾರಾಷ್ಟ್ರದಲ್ಲಿ ವಸ್ತು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಸುಮ್ನೆ ಮಾಡಿಸಿಕೊಂಡರೆ ಏನೂ ಮಾರದ ತಿಂಗಳಿಗೂ ರಿಟರ್ನ್ ಹಾಕಬೇಕು, ಮರೆತರೆ ದಂಡ. ಆದರೆ ಒಂದು ಎಚ್ಚರಿಕೆ ನಮ್ಮವರಿಗೆ ಬೇಕೇ ಬೇಕು. ಊರಿನ ಅಂಗಡಿಗೆ, ಮಂಗಳೂರಿಗೋ ಹುಬ್ಬಳ್ಳಿಗೋ ಮಾಲು ಮಾರಿದರೆ ಅದು ರಾಜ್ಯದಿಂದ ರಾಜ್ಯಕ್ಕೆ ಹೋದಂತೆ. ತೆರಿಗೆ ಬೀಳುವ ವಸ್ತುವಾದರೆ ಮೊದಲ ಪೊಟ್ಟಣಕ್ಕೇ ಜಿಎಸ್‌ಟಿ ನೋಂದಣಿ ಬೇಕು. ಚಕ್ಕುಲಿಗೆ ತೆರಿಗೆ ಇದೆ, ಹಪ್ಪಳಕ್ಕೆ ಇಲ್ಲ. ಬರೀ ಹಪ್ಪಳ ಮಾರುವವರಿಗೆ ಈ ಚಿಂತೆ ಬೇಡ.

ಹೊರಗೆ ತಳ್ಳುಗಾಡಿ, ಫುಟ್‌ಪಾತ್ ಮೇಲೆ ವ್ಯಾಪಾರ ಮಾಡುವವರ ದಾರಿ ಬೇರೆ. ಅವರು ನಗರಪಾಲಿಕೆಯ ಬೀದಿ ವ್ಯಾಪಾರಿ ಗುರುತಿನ ಮೂಲಕ ಪಿಎಂ ಸ್ವನಿಧಿ ಸಾಲ ಕೇಳಬಹುದು. ಈಗ ಮೊದಲ ಕಂತು 15,000 ರೂಪಾಯಿಯವರೆಗೆ ಇದೆ.

ಮರೆಯಬಾರದ ಒಂದು ಖರ್ಚು

ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆ ಇದೆ. ವ್ಯಾಪಾರ ಮಾಡುವವರು ಪಿಟಿಇಸಿ ಎಂಬ ನೋಂದಣಿ ಪಡೆದು ವರ್ಷಕ್ಕೆ 2,500 ರೂಪಾಯಿ ಕಟ್ಟಬೇಕು. ಏಜೆಂಟರು ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ವರ್ಷಗಳ ನಂತರ ಬಾಕಿ, ಬಡ್ಡಿ ಸೇರಿ ನೋಟಿಸ್ ಬಂದಾಗಲೇ ಗೊತ್ತಾಗುವುದು. ಸಂಬಳಕ್ಕೆ ಜನ ಇದ್ದರೆ ಅವರ ಸಂಬಳದಿಂದ ತೆರಿಗೆ ಹಿಡಿದು ಕಟ್ಟಲು ಪಿಟಿಆರ್‌ಸಿ ಎಂಬ ಇನ್ನೊಂದು ನೋಂದಣಿಯೂ ಬೇಕಾಗಬಹುದು. ತಿಂಗಳಿಗೆ 25,000 ರೂಪಾಯಿಯವರೆಗಿನ ಸಂಬಳದ ಹೆಂಗಸರಿಗೆ 2023ರ ಏಪ್ರಿಲ್‌ನಿಂದ ಈ ತೆರಿಗೆ ಇಲ್ಲ.

ಸಹಾಯ ಬೇಕಾದರೆ ಸಾಕಿನಾಕಾದಲ್ಲಿ ಕೇಂದ್ರ ಸರ್ಕಾರದ ಎಂಎಸ್‌ಎಂಇ ಕಚೇರಿ ಇದೆ, ಅಲ್ಲಿ ಕೇಳಬಹುದು. ಯಾರಾದರೂ ನಿಮ್ಮ ಪರವಾಗಿ ಅರ್ಜಿ ತುಂಬಿದರೆ ಅರ್ಜಿಯಲ್ಲಿ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಹಾಕಿಸಿ. ಏಜೆಂಟರ ಇಮೇಲ್ ಹಾಕಿಸಿಕೊಂಡವರು ಮುಂದೆ ಒಂದು ವಿಳಾಸ ತಿದ್ದಬೇಕಾದರೂ ಅವರ ಹಿಂದೆಯೇ ಅಲೆಯಬೇಕಾಗುತ್ತದೆ. ಪಾಸ್‌ವರ್ಡ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ವ್ಯಾಪಾರ ನಿಲ್ಲಿಸಿ ಊರಿಗೆ ಹೊರಟರೆ ಇವನ್ನೆಲ್ಲ ಹಾಗೆಯೇ ಬಿಟ್ಟು ಹೋಗಬೇಡಿ. ಜಿಎಸ್‌ಟಿ ಇದ್ದರೆ ಅದನ್ನು, ಪಿಟಿಇಸಿಯನ್ನು, ಗುಮಾಸ್ತಾವನ್ನು ರದ್ದು ಮಾಡಲು ಅರ್ಜಿ ಹಾಕಿ, ಒಪ್ಪಿಗೆಯ ಪ್ರತಿ ಇಟ್ಟುಕೊಳ್ಳಿ. ಪಿಟಿಇಸಿ ರದ್ದಾಗುವವರೆಗೆ ಆ 2,500 ರೂಪಾಯಿ ಪ್ರತಿವರ್ಷ ನಿಮ್ಮ ಹೆಸರಿಗೆ ಏರುತ್ತಲೇ ಇರುತ್ತದೆ.