ಚುಕ್ಕೆ ಇದ್ದದ್ದೆಲ್ಲ ಬೆಂಗಾಲ್ ಅಲ್ಲ: ಮರಿ ನೋಡುವುದು ಹೇಗೆ?

ನಮ್ಮ ಮನೆಯಲ್ಲಿ ಜೀರಿಗೆ ಅಂತ ಒಂದು ಹೆಣ್ಣು ಬೆಕ್ಕಿದೆ, ಚಿರತೆಯಂಥ ಚುಕ್ಕೆ ಇರುವ ಬೆಂಗಾಲ್ ತಳಿಯದು. ಅದು ಬಂದಾಗಿನಿಂದ ಅಪಾರ್ಟ್‌ಮೆಂಟಿನವರು, ನೆಂಟರು, ನೆಂಟರ ಗೆಳೆಯರು ಎಲ್ಲರೂ ವಾಟ್ಸಾಪಿನಲ್ಲಿ ಮರಿಗಳ ಫೋಟೊ ಕಳಿಸುತ್ತಾರೆ. "ಇದು ಒರಿಜಿನಲ್ಲಾ, ನೋಡಿ ಹೇಳಿ" ಅಂತ. ಎಲ್ಲ ಫೋಟೊದಲ್ಲೂ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ನೋಡಿ ಹೇಳೋಕೆ ಆಗಲ್ಲ.

ಮೊದಲು ಹೊಟ್ಟೆ ತೋರಿಸಲು ಹೇಳಿ. ಬೆಂಗಾಲ್‌ಗೆ ಹೊಟ್ಟೆ ಮೇಲೂ ಚುಕ್ಕೆ ಇರಲೇಬೇಕು. ಕಂದು ಬಣ್ಣದ ಬೆಂಗಾಲ್ ಆದರೆ ಆ ಚುಕ್ಕೆಗಳ ಹಿಂದಿನ ಬಣ್ಣ ಬೆಳ್ಳಗಿದ್ದಷ್ಟೂ ಒಳ್ಳೆಯದು. ಎದೆ ಮೇಲೋ ಹೊಟ್ಟೆ ಮೇಲೋ ಒಂದೇ ಒಂದು ಬಿಳಿ ಮಚ್ಚೆ ಇದ್ದರೆ ಅದು ಬೇರೆ ವಿಷಯ, ಬೆಕ್ಕಿನ ಶೋಗಳಲ್ಲಿ ಅದನ್ನು ದೋಷ ಅನ್ನುತ್ತಾರೆ. ಮನೆಯಲ್ಲಿ ಸಾಕುವವರಿಗೆ ಅದರಿಂದ ಏನೂ ತೊಂದರೆ ಇಲ್ಲ.

ಆಮೇಲೆ ಚುಕ್ಕೆ ಮರೆತು ಮೈಕಟ್ಟು ನೋಡಿ. ಮರಿಗಿಂತ ಅದರ ತಾಯಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಉದ್ದನೆಯ, ಗಟ್ಟಿ ಸ್ನಾಯುಗಳ ಮೈ. ಅದಕ್ಕೆ ಹೋಲಿಸಿದರೆ ತಲೆ ಸ್ವಲ್ಪ ಸಣ್ಣದು. ಹಿಂಗಾಲು ಮುಂಗಾಲಿಗಿಂತ ತುಸು ಎತ್ತರ. ಕಿವಿ ಚಿಕ್ಕದು, ತುದಿ ದುಂಡಗೆ. ಮೀಸೆ ಹುಟ್ಟುವ ಜಾಗ ಉಬ್ಬಿರುತ್ತದೆ, ಮೂಗು ಅಗಲ. ಬಾಲ ದಪ್ಪ, ತುದಿ ಮೊಂಡು. ಕಂದು ಬೆಕ್ಕಿನಲ್ಲಿ ಆ ತುದಿ ಕಪ್ಪು. ಬೀದಿ ಬೆಕ್ಕಿನ ಬಾಲ ತುದಿಗೆ ಹೋಗ್ತಾ ಹೋಗ್ತಾ ಸಣ್ಣಗಾಗುವುದನ್ನು ಗಮನಿಸಿದ್ದೀರಲ್ವಾ? ಅಲ್ಲೇ ವ್ಯತ್ಯಾಸ ಕಾಣುತ್ತದೆ.

ಈಗ ಚುಕ್ಕೆಗೆ ಬನ್ನಿ. ಬೆಂಗಾಲ್ ಚುಕ್ಕೆ ಮೈಮೇಲೆ ತಲೆಯಿಂದ ಬಾಲದ ಕಡೆಗೆ ಹರಿದ ಹಾಗೆ ಇರಬೇಕು, ಇಲ್ಲವೇ ಅಲ್ಲಲ್ಲಿ ಚೆದುರಿರಬೇಕು. ಬೆನ್ನಿನಿಂದ ಹೊಟ್ಟೆಗೆ ಪಕ್ಕೆಲುಬಿನ ಗುಂಟ ಇಳಿದರೆ ಅದು ನಮ್ಮ ಬೀದಿ ಬೆಕ್ಕಿನ ಪಟ್ಟೆಯೇ ತುಂಡಾದದ್ದು. ಇನ್ನು ರೋಸೆಟ್: ಎರಡು ಬಣ್ಣದ ಚುಕ್ಕೆ. ಅಂಚು ಕಪ್ಪು, ನಡುವೆ ತಿಳಿ ಕಂದು, ಚಿರತೆ ಮೈಮೇಲೆ ಇರುವಂಥದ್ದು. ಚುಕ್ಕೆ ಇರುವ ಬೇರೆ ತಳಿಗಳಾದ ಈಜಿಪ್ಷಿಯನ್ ಮಾವ್‌ಗೂ ಓಸಿಕ್ಯಾಟ್‌ಗೂ ಇರುವುದು ಒಂದೇ ಬಣ್ಣದ ಚುಕ್ಕೆ. ರೋಸೆಟ್ ಇಲ್ಲದ ಬೆಂಗಾಲ್ ಕೂಡ ಇವೆ. ಬರೀ ಚುಕ್ಕೆಯವು, ಸುರುಳಿ ಸುರುಳಿಯಾಗಿ ಹರಿದ ಮಾರ್ಬಲ್‌ನವು. ಅವೂ ಅಸಲಿಯೇ.

ಮರಿಯನ್ನು ಯಾವ ವಯಸ್ಸಲ್ಲಿ ನೋಡುತ್ತೀರಿ ಅನ್ನೋದೂ ಮುಖ್ಯ. ನಾಲ್ಕೈದು ವಾರಕ್ಕೆ ಮೈಮೇಲೆ ಮಸುಕಾದ ಉದ್ದ ಕೂದಲು ಬಂದು ಚುಕ್ಕೆಯನ್ನೆಲ್ಲ ಮುಚ್ಚಿಬಿಡುತ್ತದೆ. ಮೂರು ನಾಲ್ಕು ತಿಂಗಳಿಗೆ ಅದು ಸರಿದು ಮತ್ತೆ ಸ್ಪಷ್ಟ ಆಗುತ್ತದೆ. ನಡುವಿನ ವಯಸ್ಸಲ್ಲಿ ಮರಿ ಮಂಕಾಗಿ ಕಂಡರೆ ಗಾಬರಿ ಬೇಡ, ತಂದೆ ತಾಯಿಯನ್ನು ನೋಡಿ.

ಕೊನೆಗೆ ಮರಿಯನ್ನು ಕಿಟಕಿ ಬಿಸಿಲಿಗೆ ಹಿಡಿಯಿರಿ. ತುಂಬ ಬೆಂಗಾಲ್‌ಗಳ ಕೂದಲು ಚಿನ್ನದ ಪುಡಿ ಉದುರಿಸಿದಂತೆ ಮಿನುಗುತ್ತದೆ. ಇದನ್ನು ಗ್ಲಿಟರ್ ಅನ್ನುತ್ತಾರೆ. ಇದು ಈ ತಳಿಯ ಮೂಲವಾದ ಕಾಡು ಬೆಕ್ಕಿನಿಂದ ಬಂದದ್ದಲ್ಲ, ದಿಲ್ಲಿಯಿಂದ ಹೋದದ್ದು! ಈ ತಳಿ ಕಟ್ಟಿದ ಅಮೆರಿಕದ ಜೀನ್ ಮಿಲ್ 1980ರ ದಶಕದ ಆರಂಭದಲ್ಲಿ ದಿಲ್ಲಿ ಮೃಗಾಲಯಕ್ಕೆ ಬಂದಿದ್ದರು. ಅಲ್ಲಿ ಘೇಂಡಾಮೃಗದ ಆವರಣದ ಹತ್ತಿರ ಓಡಾಡುತ್ತಿದ್ದ ಒಂದು ಬೀದಿ ಬೆಕ್ಕನ್ನು ಕ್ಯಾಲಿಫೋರ್ನಿಯಾಕ್ಕೆ ತರಿಸಿಕೊಂಡರು. ಇವತ್ತಿನ ಬೆಂಗಾಲ್ ಮಿನುಗಿಗೆ ಆ ಗಂಡು ಬೆಕ್ಕೇ ಮೂಲ. ಬೀದಿ ಬೆಕ್ಕು ಅಂದ್ರೆ ಮೂಗು ಮುರಿಯುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಬೆಂಗಾಲ್‌ನ ಕಾಡು ಅಜ್ಜ ಏಷ್ಯಾದ ಚಿರತೆ ಬೆಕ್ಕು. ನಮ್ಮ ಪಶ್ಚಿಮ ಘಟ್ಟದಲ್ಲೂ ಅದು ಇದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲ ಪಟ್ಟಿಯ ಪ್ರಾಣಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವಂಥದ್ದು. "ಕಾಡಿನ ರಕ್ತ ಜಾಸ್ತಿ ಇದೆ ಮೇಡಂ" ಅಂತ ಯಾರಾದರೂ ಹೊಗಳಿ ಮಾರಿದರೆ ಅಲ್ಲಿಂದ ಎದ್ದು ಬನ್ನಿ. ಮನೆಗೆ ಬೇಕಾದ್ದು ಕಾಡು ಬೆಕ್ಕಿನಿಂದ ಕಡೇಪಕ್ಷ ನಾಲ್ಕನೇ ತಲೆಮಾರಿಗೆ ಇಳಿದದ್ದು.

ಕಣ್ಣಿನ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಹಸಿರು, ಚಿನ್ನದ ಬಣ್ಣ ಎರಡೂ ಸರಿ. ಅಚ್ಚ ನೀಲಿ ಇರುವುದು ಸ್ನೋ ಲಿಂಕ್ಸ್ ಅನ್ನುವ ಬೆಳ್ಳನೆಯ ಬಗೆಗೆ ಮಾತ್ರ.

ಇಷ್ಟೆಲ್ಲ ಹೊಂದಿದರೂ ಕಾಗದ ಕೇಳಿ. ತಂದೆ ತಾಯಿಯ ಪೆಡಿಗ್ರಿ ಅಂದರೆ ವಂಶಾವಳಿ ಪತ್ರ, ಹೃದಯದ ಸ್ಕ್ಯಾನ್, ಜೊತೆಗೆ ಎರಡು ಡಿಎನ್‌ಎ ಟೆಸ್ಟ್: ರಕ್ತಹೀನತೆ ತರುವ ಪಿಕೆ ಡೆಫ್, ಕುರುಡಾಗಿಸುವ ಪಿಆರ್‌ಎ ಬಿ. ಈ ಹೆಸರು ಹೇಳಿದ ಕೂಡಲೇ ಮಾತು ಬದಲಿಸುವವರ ಹತ್ತಿರ ಮರಿ ತಗೊಳ್ಳಬೇಡಿ, ಅದರ ರೋಸೆಟ್ ಎಷ್ಟೇ ಚೆಂದ ಇರಲಿ.