ಕನೂ ಪ್ರವಾಸದಲ್ಲಿ ಬಟ್ಟೆಬರೆ ಒದ್ದೆಯಾಗದಿರಲು
ಅಮೆರಿಕದ ಮಿನ್ನೆಸೋಟ ರಾಜ್ಯದ ಬೌಂಡರಿ ವಾಟರ್ಸ್‌ನಂಥ ಕಾಡಿನ ಸರೋವರಗಳಲ್ಲಿ ಗೆಳೆಯರೊಡನೆ ಕನೂ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ನಡೆಸುತ್ತ, ಮೀನು ಹಿಡಿಯುತ್ತ, ದಡದಲ್ಲಿ ಬಿಡಾರ ಹೂಡುವವರು ಬೆನ್ನುಚೀಲದ ಮೇಲೆ ಮಳೆಹೊದಿಕೆ ಹಾಕುವುದರ ಬದಲು, ಅದರ ಒಳಗೆ ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲವನ್ನಿಟ್ಟು, ಸ್ಲೀಪಿಂಗ್ ಬ್ಯಾಗ್ ಮತ್ತು ಒಣಬಟ್ಟೆಗಳನ್ನು ಅದರಲ್ಲಿ ತುಂಬಿ, ಬಾಯನ್ನು ಬಿಗಿಯಾಗಿ ತಿರುಚಿ ಮಡಚಿ ಕಟ್ಟಬೇಕು. ಹುಟ್ಟು ಹಾಕುವಾಗ ಸಿಡಿದ ನೀರು ಕನೂವಿನ ತಳದಲ್ಲಿ ನಿಂತು ಚೀಲದ ಅಡಿಯಿಂದ ಒಳಸೇರುತ್ತದೆ; ಮೇಲುಹೊದಿಕೆ ಅದನ್ನು ತಡೆಯಲಾರದು. ಒಳಗೆ ಉಳಿದ ಗಾಳಿಯಿಂದಾಗಿ ಕನೂ ಮಗುಚಿದರೂ ಚೀಲ ಸಾಮಾನ್ಯವಾಗಿ ತೇಲುತ್ತದೆ, ಇದು ಸಣ್ಣ ಲಾಭವೇನಲ್ಲ. ಆದರೆ ಗಾಳದ ಕೊಕ್ಕೆಯೋ ಗುಡಾರದ ಗೂಟವೋ ತಾಗಿ ತೂತಾದರೆ ಪ್ರಯೋಜನವಿಲ್ಲದ ಕಾರಣ ಅವನ್ನು ಬೇರೆಯಾಗಿಯೇ ಇಡಬೇಕು. ಆಹಾರಕ್ಕಂತೂ ಈ ಉಪಾಯ ಸಾಲದು. ಪ್ಲಾಸ್ಟಿಕ್ ಚೀಲವು ಕರಡಿಯ ಮೂಗನ್ನು ವಂಚಿಸುವುದಿಲ್ಲ, ಆಹಾರವನ್ನು ಕರಡಿ ತೆರೆಯಲಾಗದ ಡಬ್ಬಿಯಲ್ಲಿಡಬೇಕು, ಇಲ್ಲವೇ ಕರಡಿಗೆ ಎಟುಕದಂತೆ ಎತ್ತರದಲ್ಲಿ ತೂಗುಹಾಕಬೇಕು.